ಕಪ್ಪೆಯ ಹೊಟ್ಟೆಗೆ ಎಣ್ಣೆ

ಗ್ಲೆನ್‌ಮೋರ್, ಕೇಪ್ ಬ್ರೆಟನ್
ಭಾನುವಾರ, ಅಕ್ಟೋಬರ್ 24, 1982

ಪ್ರೀತಿಯ ಹೆಕ್ಟರ್,

ನಾನೂ ನಿನ್ನ ಅಮ್ಮನೂ ಚೆನ್ನಾಗಿದ್ದೇವೆ. ಅಲ್ಲಿ ಆಲ್ಬರ್ಟಾದಲ್ಲಿ ನೀನೂ ಚೆನ್ನಾಗಿದ್ದೀಯ, ನಾನು ಹೆಣೆದು ಕಳಿಸಿದ ಕಾಲುಚೀಲವನ್ನು ಪೆಟ್ಟಿಗೆಯಲ್ಲಿಡದೆ ಕಾಲಿಗೇ ಹಾಕಿಕೊಳ್ಳುತ್ತಿದ್ದೀಯ ಎಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯಲಿಲ್ಲವೆಂದು ಬೈದುಕೊಳ್ಳಬೇಡ. ಪೆನ್ನು ಹಿಡಿಯೋಣವೆಂದಾಗಲೆಲ್ಲ ಕೈತುಂಬ ಜಿಡ್ಡು. ಈ ಹಾಳೆಯ ಮೂಲೆಯಲ್ಲಿರುವ ಕಪ್ಪು ಹೆಬ್ಬೆಟ್ಟಿನ ಗುರುತು ನನ್ನದೇ. ಐದು ಸಲ ಸೋಪು ಹಚ್ಚಿ ತೊಳೆದ ಮೇಲೂ ಹೀಗಿದೆ.

ನಿನ್ನ ಕಾಗದದಲ್ಲಿದ್ದದ್ದೆಲ್ಲ ನನಗೆ ಬಾಯಿಪಾಠವಾಗಿದೆ: ಈ ಅಕ್ಟೋಬರ್‌ನಲ್ಲಿ ರಜೆಯಿಲ್ಲ, ಬರಲಾಗುವುದಿಲ್ಲ. ಹಿಮ ಬೀಳುವ ಮೊದಲೇ ನಮ್ಮ ಕಾರು ಕಪ್ಪೆಯನ್ನು ಮಾರಿಬಿಡು, ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪನ್ನು ಇನ್ನೊಂದು ಚಳಿಗಾಲ ತಿಂದರೆ ತುಕ್ಕು ಹಿಡಿದು ಅದನ್ನು ಕೇಳುವವರಿರುವುದಿಲ್ಲ. ವಸಂತಕ್ಕೆ ಮನೆಯನ್ನೂ ಮಾರಿ ಅಮ್ಮನನ್ನು ಕರೆದುಕೊಂಡು ಇಲ್ಲಿಗೇ ಬಾ. ಕಂಪನಿಯ ಮನೆಗೆ ಹೆಸರು ಬರೆಸಬೇಕು, ತಿಂಗಳ ಕೊನೆಯೊಳಗೆ ಹೂಂ ಅನ್ನು ಇಲ್ಲ ಊಹೂಂ ಅನ್ನು. ಅನ್ನುತ್ತೇನೆ ಹೆಕ್ಟರ್. ಆದರೆ ನಿನ್ನ ಹೆಂಡತಿ ಯಾವತ್ತು ನೆಟ್ಟಗೆ ಮಾತಾಡಿದ್ದಾಳೆ? ಸುತ್ತು ಹಾಕಿಕೊಂಡೇ ಬರುತ್ತೇನೆ, ಸ್ವಲ್ಪ ತಾಳ್ಮೆಯಿರಲಿ.

ಹನ್ನೊಂದನೇ ತಾರೀಖು, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಬೆಳಿಗ್ಗೆ ಕಿಟಕಿಯ ಗಾಜಿಗೆ ಮೊದಲ ಇಬ್ಬನಿ ಹೆಪ್ಪುಗಟ್ಟಿತ್ತು. ನಿನ್ನ ಅಮ್ಮ ಅದನ್ನು ಉಗುರಿನಿಂದ ಕೆರೆದು ನೋಡಿ, ಅಂಗಳದಲ್ಲಿ ನಿಂತಿದ್ದ ನಮ್ಮ ಹಸಿರು ಕಾರಿನ ಕಡೆ ತಿರುಗಿ, “ಪಾಪ, ಕಪ್ಪೆಗೆ ಈ ವರ್ಷ ಯಾರೂ ದಿಕ್ಕಿಲ್ಲ” ಎಂದರು.

“ನಾನಿಲ್ವಾ ಅತ್ತೆ?” ಎಂದೆ.

“ನೀನಾ? ಬೋಗುಣಿ ತಳಕ್ಕೆ ಬೆಣ್ಣೆ ಹಚ್ಚೋಕೇ ಒದ್ದಾಡ್ತೀಯ. ಕಾರಿನ ತಳಕ್ಕೆ ಎಣ್ಣೆ ಹಚ್ತಾಳಂತೆ!”

ಅಷ್ಟು ಸಾಕಾಯಿತು ನನಗೆ. ಪ್ರತಿ ಅಕ್ಟೋಬರ್‌ನಲ್ಲಿ ರಜೆಗೆ ಬಂದು ನೀನು ಮಾಡುತ್ತಿದ್ದ ಕೆಲಸವನ್ನು ಈ ಸಲ ನಾನೇ ಮಾಡುವುದೆಂದು ಮರುದಿನವೇ ಕುಲುಮೆ ಲಾಕಿಯ ಕೊಟ್ಟಿಗೆಗೆ ಕಪ್ಪೆಯನ್ನು ಓಡಿಸಿಕೊಂಡು ಹೋದೆ. ಲಾಕಿ ಹಾಗೇ ಇದ್ದಾರೆ. ಅವರ ತಾತನ ಕಾಲಕ್ಕೇ ಕುಲುಮೆ ಆರಿಹೋದರೂ ಹೆಸರು ಮಾತ್ರ ಬಿಟ್ಟಿಲ್ಲ. ಬಾಯಲ್ಲಿ ಆರಿದ ಪೈಪು, ತಲೆಯ ಮೇಲೆ ಆ ಕಿವಿ ಹರಿದ ಟೋಪಿ. ನನ್ನನ್ನು ಕಂಡದ್ದೇ ಹುಬ್ಬೇರಿಸಿದರು.

“ಮಾರೋ ಕಾರಿಗೆ ಯಾರಾದ್ರೂ ಎಣ್ಣೆ ಬಳೀತಾರಾ ಎಫಿ?”

“ಮಾರ್ತೀನಿ ಅಂತ ಯಾರು ಹೇಳಿದ್ದು?”

“ಹೆಕ್ಟರ್‌ದು ದಪ್ಪ ಲಕೋಟೆ ಬಂತಂತೆ.”

“ಲಕೋಟೆ ದಪ್ಪ ಇದ್ರೆ ಒಳಗೇನಿದೆ ಅಂತ ಗೊತ್ತಾಗತ್ತಾ?”

“ದಪ್ಪ ಲಕೋಟೆ ಬಂದ ಮನೆಯೋರೆಲ್ಲ ಹೋದ್ರಲ್ಲ,” ಎಂದು ಲಾಕಿ ಪೈಪನ್ನು ಹಲಗೆಗೆ ಬಡಿದರು. “ಈ ರಸ್ತೇಲಿ ಏಳು ಮನೆ ಬಾಗಿಲಿಗೆ ಹಲಗೆ ಜಡಿದಿದೆ. ನಾನೇ ನಾಲ್ಕಕ್ಕೆ ಮೊಳೆ ಹೊಡೆದೆ.”

ನಾನು ಕಾರನ್ನು ಎರಡು ಮರದ ದಿಮ್ಮಿಗಳ ಮೇಲೆ ಹತ್ತಿಸಿದೆ. ಅದು ಮೂರನೆಯ ಪ್ರಯತ್ನಕ್ಕೆ ಹತ್ತಿತು. ಮೊದಲ ಎರಡು ಸಲ ಏನಾಯಿತೆಂದು ನೀನು ಕೇಳಬೇಡ, ಲಾಕಿಯ ಕೋಳಿಗೂಡು ರಿಪೇರಿಯಾಗಿದೆ.

ಇನ್ನು ಕಲಿತದ್ದನ್ನು ಒಪ್ಪಿಸುತ್ತೇನೆ, ನಗಬೇಡ. ಬಳಸಿ ತೆಗೆದ ಹಳೆಯ ಎಂಜಿನ್ ಎಣ್ಣೆ ಎರಡು ಪಾಲು, ಮರ ಕೊಯ್ಯುವ ಗರಗಸದ ಎಣ್ಣೆ ಒಂದು ಪಾಲು, ಲಾಕಿಯ ಕುರಿಗಳ ಉಣ್ಣೆ ಕುದಿಸಿ ತೆಗೆದ ಜಿಡ್ಡು ಒಂದು ಹಿಡಿ. ಎಲ್ಲವನ್ನೂ ಒಲೆಯ ಮೇಲೆ ಬಿಸಿಮಾಡಿ ಆಲೂಗಡ್ಡೆ ಗಿಡಕ್ಕೆ ಔಷಧಿ ಸಿಂಪಡಿಸುವ ಪಂಪಿಗೆ ತುಂಬಿ ಕಾರಿನ ಹೊಟ್ಟೆಗೆಲ್ಲ ಹೊಡೆಯಬೇಕು. ಬಾಗಿಲುಗಳ ಅಡಿಯಲ್ಲಿರುವ ರಬ್ಬರ್ ಬಿರಡೆ ತೆಗೆದು ಒಳಕ್ಕೂ ಸುರಿಯಬೇಕು. ಬ್ರೇಕಿಗೆ ಮಾತ್ರ ಒಂದು ಹನಿಯೂ ತಾಗಬಾರದು. ಮೊದಲ ದಿನ ಕಾರಿನಡಿ ತೂರಿದ್ದು ಲಾಕಿ. ನಾನು ಪಂಪು ಒತ್ತುತ್ತ, ಹೊರಗೆ ಚಾಚಿದ್ದ ಅವರ ಎರಡು ಬೂಟುಗಳ ಜೊತೆ ಮಾತಾಡುತ್ತ ನಿಂತಿದ್ದೆ. ಆ ಎಣ್ಣೆಯ ವಾಸನೆಗೆ ನೀನೇ ಪಕ್ಕದಲ್ಲಿ ಬಂದು ನಿಂತಂತಾಗಿ ಸ್ವಲ್ಪ ಹೊತ್ತು ಅತ್ತುಬಿಟ್ಟೆ. ಹೊಗೆಯಿಂದ ಕಣ್ಣಲ್ಲಿ ನೀರು ಬಂತು ಎಂದು ಲಾಕಿಗೆ ಹೇಳಿದೆ. ಒಲೆಯಲ್ಲಿ ಹೊಗೆಯೇ ಇರಲಿಲ್ಲ, ಆದರೂ ಅವರು ಹೂಂ ಎಂದರು.

ಆಮೇಲಿನದು ಧೂಳಿನ ಕೆಲಸ. ಎಣ್ಣೆ ಹಸಿಯಿರುವಾಗಲೇ ಮಣ್ಣುರಸ್ತೆಯಲ್ಲಿ ಓಡಿಸಿ ಹೊಟ್ಟೆಗೆಲ್ಲ ಧೂಳು ಮೆತ್ತಿಸಿಬಿಟ್ಟರೆ ಅದು ಗಟ್ಟಿ ಪದರವಾಗಿ ಕೂತು, ಚಳಿಗಾಲವಿಡೀ ಉಪ್ಪನ್ನು ಒಳಕ್ಕೆ ಬಿಡುವುದಿಲ್ಲ. ಇದು ನನಗೆ ಹೊಸದಲ್ಲ. ಹೋದ ಅಕ್ಟೋಬರ್‌ನಲ್ಲಿ ನೀನು ಒಂದು ಮಧ್ಯಾಹ್ನ ಪೂರ್ತಿ ಕಪ್ಪೆಯನ್ನು ತೆಗೆದುಕೊಂಡು ಹೋಗಿ, ಸಂಜೆ ಗಾಜಿನವರೆಗೂ ಧೂಳು ಮೆತ್ತಿಸಿಕೊಂಡು, ಸಿಳ್ಳೆ ಹಾಕುತ್ತ ಬಂದು ಎರಡು ಬಟ್ಟಲು ಮೀನಿನ ಸಾರು ಕುಡಿದಿದ್ದು ನೆನಪಿದೆ.

ಶುಕ್ರವಾರ ಅತ್ತೆಯನ್ನು ಹಿಂದಿನ ಸೀಟಿನಲ್ಲಿ ಹಿಮ್ಮುಖವಾಗಿ ಮಂಡಿಯೂರಿಸಿ ಕೂರಿಸಿಕೊಂಡು ಗ್ಲೆನ್‌ಮೋರ್ ಹಿಂದಿನ ಮಣ್ಣುರಸ್ತೆಗೆ ಹೋದೆ. ಧೂಳು ಏಳುತ್ತಿದೆಯೋ ಇಲ್ಲವೋ ನೋಡುವುದು ಅವರ ಕೆಲಸ.

“ಎದ್ದಿತಾ ಅತ್ತೆ?”

“ಇಲ್ಲ ಕಣೇ.”

ಇನ್ನಷ್ಟು ಜೋರಾಗಿ ಓಡಿಸಿದೆ. “ಈಗ?”

“ಧೂಳು ಏಳಲಿಲ್ಲ. ನನ್ನ ಹಲ್ಲಿನ ಸೆಟ್ಟು ಎದ್ದಿತು.”

ಆ ಆರು ಮೈಲಿ ರಸ್ತೆಯನ್ನು ಮೂರು ಸಲ ಹೋಗಿ ಮೂರು ಸಲ ಬಂದೆವು. ರಸ್ತೆ ಒದ್ದೆಯಾಗಿ, ಕಪ್ಪಗೆ, ಮಿರಿಮಿರಿ ಮಿಂಚುತ್ತಿತ್ತು. ಮಳೆಯೇ ಬಂದಿಲ್ಲವಲ್ಲ ಎಂದು ಆಶ್ಚರ್ಯ. ನಾಲ್ಕನೆಯ ಸಲ ಹೋಗುವಾಗ ಸ್ಯಾಡಿ ರ‍್ಯಾಂಕಿನ್ ತನ್ನ ಗೇಟಿಗೆ ಬಿಳಿ ರಿಬ್ಬನ್ ಕಟ್ಟುತ್ತಿದ್ದವಳು ಕೈಯಡ್ಡ ಮಾಡಿ ನಿಲ್ಲಿಸಿದಳು. ಮರುದಿನ ಅವಳ ಮಗಳ ಮದುವೆ, ನಿನಗೂ ಆಮಂತ್ರಣ ಕಳಿಸಿದ್ದಳಲ್ಲ.

“ಏನು ಎಫಿ, ಮದುವೆ ನಾಳೆ, ಇವತ್ತೇ ಮೆರವಣಿಗೆ ಶುರು ಮಾಡ್ಕೊಂಡಿದ್ದೀಯ?”

“ಈ ರಸ್ತೆ ಧೂಳಿಗೆ ಏನಾಯ್ತು ಸ್ಯಾಡಿ?”

ಅವಳ ಮುಖ ಅರಳಿತು. “ಚೆನ್ನಾಗಿದೆ ಅಲ್ವಾ? ಹುಡುಗಿಯ ಬಿಳಿ ಉಡುಪಿನ ಮೇಲೆ ಧೂಳು ಕೂತ್ರೆ ನಾನು ಸತ್ತೇ ಹೋಗ್ತೀನಿ ಅಂತ ರಸ್ತೆಯೋರಿಗೆ ಹೇಳಿ ನಿನ್ನೆ ಲಾರಿ ತರಿಸಿ ಹೊಡೆಸಿದೆ. ಒಂದು ಕಣ ಏಳಲ್ಲ ನೋಡು.”

“ಏನು ಹೊಡೆಸಿದೆ?”

“ಉಪ್ಪುನೀರು.”

ಹೆಕ್ಟರ್, ನಾನು ಉಪ್ಪಿಗೆ ಹೆದರಿ ಎಣ್ಣೆ ಬಳಿದೆ. ಎಣ್ಣೆ ಬಳಿದ ಕಾರನ್ನು ಇಡೀ ಕೇಪ್ ಬ್ರೆಟನ್ನಿನಲ್ಲಿ ಅಂದು ಉಪ್ಪಿದ್ದ ಒಂದೇ ಒಂದು ರಸ್ತೆಗೆ ಕರೆದುಕೊಂಡು ಹೋಗಿ, ಏಳು ಸಲ ಮೀಯಿಸಿದೆ. ಅತ್ತೆ ಹಿಂದಿನ ಸೀಟಿನಲ್ಲಿ ನಕ್ಕೂ ನಕ್ಕೂ ಪಕ್ಕಕ್ಕೆ ಉರುಳಿಕೊಂಡರು. ಮನೆ ಸೇರುವವರೆಗೂ ಎದ್ದು ಕೂರಲಿಲ್ಲ. ಇಷ್ಟು ನಕ್ಕದ್ದನ್ನು ನಾನು ನೋಡಿದ್ದು ನಿನ್ನ ಅಪ್ಪ ಹೋದ ಮೇಲೆ ಇದೇ ಮೊದಲು.

ಲಾಕಿ ಮಾತ್ರ ನಗಲಿಲ್ಲ. “ಬಳಿದಿದ್ದೆಲ್ಲ ಹೋಗ್ಬೇಕು,” ಎಂದರು. “ಬಿಸಿನೀರು, ಸೋಪು, ತಂತಿ ಬ್ರಷ್ಷು. ಉಪ್ಪನ್ನ ಒಳಗಿಟ್ಟು ಮೇಲೆ ಎಣ್ಣೆ ಬಳಿದ್ರೆ ಕಳ್ಳನ್ನ ಒಳಗಿಟ್ಟು ಬಾಗಿಲು ಹಾಕ್ಕೊಂಡ ಹಾಗಾಗತ್ತೆ. ನನ್ನ ಸೊಂಟ ಹಿಡ್ಕೊಂಡಿದೆ. ಈ ಸಲ ನೀನೇ ತೂರು.”

ಹಾಗೆ ನಾನು ತೂರಿದೆ. ಮದುವೆಗೆ ಹೋಗಿ ಬಂದು, ಕುಣಿದು ಕಾಲು ನೋವು ಮಾಡಿಕೊಂಡು, ಸೋಮವಾರದಿಂದ ಆಸ್ಪತ್ರೆಯ ಅಡುಗೆಮನೆ ಕೆಲಸ ಮುಗಿಸಿ ದಿನಾ ಸಂಜೆ ಎರಡು ಗಂಟೆ ನಿನ್ನ ಹಳೆಯ ಕೋಟು ಹಾಕಿಕೊಂಡು ಕಪ್ಪೆಯಡಿ ಅಂಗಾತ ಮಲಗಿದೆ. ತಲೆಗೂದಲಿಗೆ, ಕಿವಿಗೆ, ಒಂದು ಸಲ ಬಾಯಿಗೂ ಬಿತ್ತು. ಈ ಕಾರಿನಲ್ಲೇ ನನ್ನ ಜೊತೆ ಕೆಲಸಕ್ಕೆ ಬರುವ ಮೂವರು ಹೆಂಗಸರೂ ಒಂದೊಂದು ಬಕೆಟ್ ಬಿಸಿನೀರು ಹೊತ್ತು ತಂದರು. ಈ ಕಾರಿಲ್ಲದಿದ್ದರೆ ಜನವರಿಯಲ್ಲಿ ಹನ್ನೆರಡು ಮೈಲಿ ಸಮುದ್ರದಂಚಿನ ರಸ್ತೆಯಲ್ಲಿ ಕೆಲಸಕ್ಕೆ ಹೋಗಲು ಅವರಿಗೆ ಬೇರೆ ದಾರಿಯಿಲ್ಲ. ಗುರುವಾರ ಮತ್ತೆ ಎಣ್ಣೆ ಬಳಿದೆ, ಒಂದಲ್ಲ, ಎರಡು ಸುತ್ತು. ಧೂಳಿಗೆ ಲಾಕಿಯ ಕುರಿ ಹಾದಿಯೇ ಗತಿಯಾಯಿತು. ಈ ಸಲ ಅತ್ತೆ ಹಿಂದಿನಿಂದ, “ಏಳ್ತಾ ಇದೆ, ಏಳ್ತಾ ಇದೆ, ಲಾಕಿ ಕಾಣಿಸ್ತಾನೇ ಇಲ್ಲ!” ಎಂದು ಕೂಗುತ್ತಿದ್ದರು.

ಇವತ್ತು ಬೆಳಿಗ್ಗೆ ಚರ್ಚಿಗೆ ಹೋದಾಗಲೂ ಹೊಗೆ ಕೊಳವೆಗೆ ತಾಗಿದ ಎಣ್ಣೆ ಉರಿದು ಮೆಟ್ಟಿಲವರೆಗೂ ಮೋಡ ಕವಿಯಿತು. ಫಾದರ್ ಹೊರಗೆ ಬಂದು ಕೆಮ್ಮಿ, “ಎಫಿ, ಧೂಪ ಹಾಕೋದು ನನ್ನ ಕೆಲಸ, ಅದನ್ನಾದ್ರೂ ನನಗೆ ಬಿಡಮ್ಮ” ಎಂದರು. ಎಲ್ಲರೂ ನಕ್ಕರು. ಆದರೆ ನಕ್ಕ ಮೇಲೆ ಒಬ್ಬೊಬ್ಬರೇ ಬಂದು ನನ್ನ ಕೈ ಕುಲುಕಿದರು. ಅಕ್ಟೋಬರ್‌ನಲ್ಲಿ ಕಾರಿನಿಂದ ಎಣ್ಣೆಯ ಹೊಗೆ ಬಂದರೆ ಆ ಮನೆಯವರು ಎಲ್ಲಿಗೂ ಹೋಗುವುದಿಲ್ಲ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು.

ಸುತ್ತು ಮುಗಿಯಿತು, ಈಗ ಉತ್ತರ. ಊಹೂಂ, ಹೆಕ್ಟರ್. ಕಪ್ಪೆಯನ್ನು ಮಾರುವುದಿಲ್ಲ, ಮನೆಯನ್ನೂ ಮಾರುವುದಿಲ್ಲ. ನೀನು ಬೇಡವೆಂದಲ್ಲ. ನೀನು ಬೇಕೆಂದೇ ನಾಲ್ಕು ವರ್ಷದಿಂದ ಮೂಲೆಯ ಕುರ್ಚಿಯ ಮೇಲೆ ಬೆಕ್ಕನ್ನೂ ಕೂರಲು ಬಿಟ್ಟಿಲ್ಲ. ಆದರೆ ನನಗೆ ಇಲ್ಲಿ ಕೆಲಸವಿದೆ, ನನ್ನನ್ನು ಕಾಯುವ ಮೂವರಿದ್ದಾರೆ. ಅಲ್ಲಿ ಕಂಪನಿಯ ಮನೆಯ ಕಿಟಕಿಯಲ್ಲಿ ಕೂತು ಯಾರನ್ನು ಬೈಯಲಿ ಎಂದು ನಿನ್ನ ಅಮ್ಮನೂ ಕೇಳುತ್ತಿದ್ದಾರೆ. ನೀನೇ ಬಾ. ಸಂಬಳ ಕಡಿಮೆಯಾಗುತ್ತದೆ, ಗೊತ್ತು. ಸಾರು ಕಡಿಮೆಯಾಗುವುದಿಲ್ಲ.

ಅತ್ತೆ ಪಕ್ಕದಲ್ಲೇ ಕೂತು ಓಟ್ ರೊಟ್ಟಿ ಕಡಿಯುತ್ತಿದ್ದಾರೆ. ದೇವರು ನಿನ್ನ ಕೈಕಾಲು ಬೆಚ್ಚಗಿಡಲಿ, ಬುದ್ಧಿಯನ್ನೂ ಬೆಚ್ಚಗಿಡಲಿ ಎಂದು ಹರಸಿದ್ದಾರೆ. ನನ್ನದು ಅಷ್ಟು ದೊಡ್ಡ ಹರಕೆಯಲ್ಲ, ನೀನು ಗಟ್ಟಿಯಾಗಿದ್ದರೆ ಸಾಕು.

ಎಂದಿಗೂ ನಿನ್ನವಳೇ,
ಎಫಿ

ತಾ.ಕ. — ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಇದನ್ನು ಬರೆಯುವುದೋ ಬೇಡವೋ ಎಂದು ಲಕೋಟೆಯನ್ನು ಎರಡು ಸಲ ಬಿಚ್ಚಿದೆ.

ಕಪ್ಪೆಯಡಿ ಮಲಗಿ ತಂತಿ ಬ್ರಷ್ಷಿನಿಂದ ಉಜ್ಜುತ್ತಿದ್ದಾಗ, ಡ್ರೈವರ್ ಸೀಟಿನ ಕೆಳಗಿನ ಅಡ್ಡಪಟ್ಟಿಯ ಮೇಲೆ ನೀನು ಮೊಳೆಯಿಂದ ಕೆತ್ತಿದ್ದು ಕಾಣಿಸಿತು. ಪ್ರತಿ ವರ್ಷ ಎಣ್ಣೆ ಬಳಿದ ಮೇಲೆ ಹೀಗೆ ಇಸವಿ ಬರೆಯುತ್ತೀಯೆಂದು ನನಗೆ ಗೊತ್ತೇ ಇರಲಿಲ್ಲ. 77, 78, 79, 80. ಒಂದರ ಕೆಳಗೊಂದು, ನಿನ್ನ ಆ ಸೊಟ್ಟ ಏಳು. ಎಷ್ಟು ಖುಷಿಯಾಯಿತೆಂದರೆ ಜೋರಾಗಿ ಓದಿದೆ. ಆಮೇಲೆ 81 ಹುಡುಕಿದೆ. ಸಿಗಲಿಲ್ಲ. ಬಾಗಿಲಡಿಯ ಬಿರಡೆಗಳನ್ನು ಮೊದಲ ದಿನ ಕೀಳಲು ಲಾಕಿ ಸುತ್ತಿಗೆ ಹಿಡಿಯಬೇಕಾಗಿ ಬಂದದ್ದು ಏಕೆಂದು ಆಗ ತಿಳಿಯಿತು. ಎರಡು ವರ್ಷದಿಂದ ಅವನ್ನು ಯಾರೂ ತೆಗೆದಿರಲಿಲ್ಲ.

ಲಾಕಿಯನ್ನು ಕೇಳಿದೆ. ಕಲ್ಲು ಬಡಿದು ಅಳಿಸಿರತ್ತೆ ಎಂದರು. ಇನ್ನೊಮ್ಮೆ ಕೇಳಿದ ಮೇಲೆ ಹೇಳಿದರು. “ಹೋದ ಅಕ್ಟೋಬರ್‌ನಲ್ಲಿ ಆವತ್ತು ಅವನು ನನ್ನ ಹತ್ರ ಬರಲೇ ಇಲ್ಲ ಎಫಿ. ಕಡಲಕಟ್ಟೆ ಹತ್ರ ಕಾರು ನಿಂತಿತ್ತು. ಊಟದ ಹೊತ್ತಿಂದ ಸಂಜೆವರೆಗೂ ಒಳಗೇ ಕೂತಿದ್ದ. ಮಾತಾಡಿಸೋ ಹಾಗಿರಲಿಲ್ಲ.”

ಅಂದರೆ ಹೋದ ವರ್ಷವೇ ನಿನ್ನ ಮನಸ್ಸು ಇಲ್ಲಿಂದ ಎದ್ದಿತ್ತು. ಅದನ್ನು ಹೇಳಲು ನಿನಗೆ ಬಾಯಿ ಬರಲಿಲ್ಲ. ಎಣ್ಣೆಯಿಲ್ಲದೆ ಬರೀ ಧೂಳು ಮೆತ್ತಿಸಿಕೊಂಡು, ಸಿಳ್ಳೆ ಹಾಕುತ್ತ ನೀನು ಬಂದೆ. ನೀನು ಅಲ್ಲೇ ಇರಬೇಕೆಂದುಕೊಂಡದ್ದಕ್ಕೆ ನನಗೆ ಸಿಟ್ಟಿಲ್ಲ ಹೆಕ್ಟರ್, ಹೊಟ್ಟೆಪಾಡು ಯಾರನ್ನೂ ಕೇಳುವುದಿಲ್ಲ. ಆದರೆ ಆ ಚಳಿಗಾಲವಿಡೀ ನಾನು ನೀನು ವಾಪಸ್ ಬರುವ ಮನೆಗೆಂದು ಹೊಸ ಪರದೆ ಹೊಲಿಯುತ್ತಿದ್ದೆ. ನಿನಗೆ ಬರೆದು, ಬಣ್ಣ ಯಾವುದಿರಲಿ ಎಂದು ಕೇಳಿದ್ದೆ. ನೀಲಿ ಎಂದು ಉತ್ತರ ಬರೆದಿದ್ದೆ ನೀನು. ನನಗೆ ನೋವಾದದ್ದು ಅದಕ್ಕೆ.

80ರ ಕೆಳಗೆ ಒಂದು ಸಾಲಿನಷ್ಟು ಜಾಗ ಬಿಟ್ಟು, ನಾನೇ ಮೊಳೆಯಿಂದ 82 ಎಂದು ಕೆತ್ತಿದ್ದೇನೆ. ನಡುವಿನ ಜಾಗ ಹಾಗೇ ಇದೆ. ಕ್ರಿಸ್‌ಮಸ್‌ಗೆ ಬಂದರೆ ನಿನ್ನ ಹಳೆಯ ಕೋಟು ಕೊಡುತ್ತೇನೆ, ಕೆಳಗೆ ಮಲಗಿ ನೋಡು. ಅಲ್ಲಿ ಏನು ಬರೆಯಬೇಕೆಂದು ನೀನೇ ಹೇಳಬೇಕು.