ಮ್ಯಾಚ್ ದಿನ ಫೋನ್ ಇಲ್ಲ

ದುಖಾನ್,
ಜೂನ್ ೧೪, ಶನಿವಾರ

ಪ್ರೀತಿಯ ಶಾಹುಲ್,

ನಾನು, ಸುಗಂಧಿ ಇಲ್ಲಿ ಸೌಖ್ಯ. ನೀನೂ ಮುನೀರಾಳೂ ಉಚ್ಚಿಲದ ಮನೆಯವರೆಲ್ಲರೂ ಸೌಖ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ಪತ್ರ ತಡವಾಯಿತು, ಕ್ಷಮಿಸು. ಬಕ್ರೀದಿಗೆ ಒಂದು ಮಾತು ಹೇಳುವಷ್ಟು ಸೌಜನ್ಯವನ್ನೂ ನಾನು ತೋರಿಸಲಿಲ್ಲ. ನೀನು ಗಲ್ಫ್ ಬಿಟ್ಟು ಊರಿಗೆ ವಿಮಾನ ಹತ್ತಿ ಇವತ್ತಿಗೆ ಐವತ್ತೈದು ದಿನ. ಅಷ್ಟೂ ದಿನ ನಾನು ಫೋನ್ ಮಾಡಲಿಲ್ಲ, ನೀನೂ ಮಾಡಲಿಲ್ಲ. ಹತ್ತೊಂಬತ್ತು ವರ್ಷದ ಸ್ನೇಹ ಹೀಗೆ ಬಾಯಿ ಮುಚ್ಚಿಕೊಂಡೇ ಮುಗಿದುಹೋಗುತ್ತದೋ ಎಂದು ಹೆದರಿಕೆ ಹುಟ್ಟಿದೆ, ಅದಕ್ಕೇ ಬರೆಯಲು ಕೂತೆ. ವಾಟ್ಸಾಪಿನಲ್ಲಿ ಮೂರು ಸಲ ಟೈಪ್ ಮಾಡಿ ಅಳಿಸಿದೆ. ನಮ್ಮ ವರ್ಕ್‌ಶಾಪಿನ ಯೂಜಿನ್ ನಾಳಿದ್ದು ರಜೆಯಲ್ಲಿ ಊರಿಗೆ ಹೊರಟಿದ್ದಾನೆ. ಅವನ ಕೈಗೆ ಕೊಟ್ಟ ಮೇಲೆ ಅಳಿಸಲು ಬರುವುದಿಲ್ಲವಲ್ಲ.

ಮೊದಲು ಸುದ್ದಿ. ನಮ್ಮ ಫುಟ್ಬಾಲ್ ಟೀಮು ಹಾರ್ಟನ್ ಟೌನ್ ಕೆಳಗಿನ ಡಿವಿಷನ್ನಿಗೆ ಬಿತ್ತು. ನಿನಗೆ ಗೊತ್ತೇ ಇರುತ್ತದೆ. ಆದರೂ ಬರೆಯುತ್ತೇನೆ, ಯಾಕೆಂದರೆ ಇದನ್ನು ಹೇಳಿ ಹೊಟ್ಟೆ ಹಗುರ ಮಾಡಿಕೊಳ್ಳಲು ಇಲ್ಲಿ ನನಗೆ ಬೇರೆ ಜನ ಇಲ್ಲ. ಹನ್ನೊಂದು ವರ್ಷ ಕಾದು ಪ್ರೀಮಿಯರ್ ಲೀಗಿಗೆ ಹತ್ತಿದ್ದು, ಹತ್ತಿದ ಮರುವರ್ಷವೇ ಇಳಿದದ್ದು! ಮೂವತ್ತೆಂಟು ಮ್ಯಾಚಿನಲ್ಲಿ ಗೆದ್ದದ್ದು ಐದು. ಒಂದೇ ಸೀಸನ್ನಿನಲ್ಲಿ ಮೂರು ಮ್ಯಾನೇಜರುಗಳು. ಮೊದಲನೆಯವನು ಮೈದಾನದ ಹುಲ್ಲು ಸರಿಯಿಲ್ಲ ಎಂದ, ಎರಡನೆಯವನು ರೆಫರಿ ಸರಿಯಿಲ್ಲ ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಗೋಲ್‌ಕೀಪರಂತೂ ಕೈಗೆ ಬೆಣ್ಣೆ ಸವರಿಕೊಂಡೇ ಇಳಿಯುತ್ತಿದ್ದ. ಬ್ರೆಜಿಲಿನಿಂದ ತಂದ ಫಾರ್ವರ್ಡ್ ಹೊಡೆದ ಗೋಲಿಗಿಂತ ತಲೆಕೂದಲಿನ ಸ್ಟೈಲ್ ಬದಲಿಸಿದ್ದೇ ಹೆಚ್ಚು.

ನಾನು ಹೀಗೆ ಕೂಗಾಡುವಾಗ ಸುಗಂಧಿ ಹೇಳುತ್ತಾಳೆ, "ಆ ಊರು ಯಾವ ದಿಕ್ಕಿನಲ್ಲುಂಟು ಅಂತ ಇಬ್ಬರಿಗೂ ಗೊತ್ತಿಲ್ಲ. ಇಲ್ಲಿ ಕೂತು ಬಿಪಿ ಏರಿಸಿಕೊಳ್ಳುದು. ಅವರಿಗೆ ನೀವು ಉಂಟು ಅಂತಲಾದ್ರೂ ಗೊತ್ತುಂಟಾ?" ಗೊತ್ತಿಲ್ಲ, ನಿಜ. ನಮ್ಮ ಕೂಗು ಹೊಳೆಯಲ್ಲಿ ಹುಣಸೆಹಣ್ಣು ಕಲಸಿದ ಹಾಗೆ. ಆದರೆ ಹತ್ತೊಂಬತ್ತು ವರ್ಷ ಕಲಸಿದವರು ನಾವಿಬ್ಬರಲ್ಲವಾ, ಒಬ್ಬನೇ ಕಲಸುವಾಗ ಕೈ ನೋಯುತ್ತದೆ.

ಕೊನೆಯ ಮ್ಯಾಚನ್ನು ಲೈವ್ ನೋಡಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ. ಯಾರಿಗಾಗಿ ಕಾಯಬೇಕಿತ್ತು, ಹೇಳು? ಡ್ರಾ ಆಗಿದ್ದರೂ ಉಳಿಯುತ್ತಿದ್ದೆವು. ಎಂಬತ್ತೆಂಟನೆಯ ನಿಮಿಷದವರೆಗೆ ಒಂದು–ಒಂದು. ಆಮೇಲೆ ನಮ್ಮ ಡಿಫೆಂಡರೇ ಚೆಂಡನ್ನು ನಮ್ಮದೇ ಗೋಲಿನೊಳಗೆ ತಳ್ಳಿದ. ನಾನು ರಿಮೋಟ್ ಹಿಡಿದು ನಿಲ್ಲಿಸಲು ನೋಡಿದೆ, ಅಭ್ಯಾಸಬಲ. ಲೈವ್ ಆಟದಲ್ಲಿ ನಿಲ್ಲಿಸಿ ಏನು ಪ್ರಯೋಜನ, ಅವರು ಅಲ್ಲಿ ಆಡಿ ಮುಗಿಸಿಯೇ ಬಿಡುತ್ತಾರೆ. ನಿನ್ನ ಮನೆಯಲ್ಲಾದರೆ ಮಗ್ರಿಬ್ ನಮಾಜಿಗೆ ನೀನು ರೆಕಾರ್ಡಿಂಗ್ ನಿಲ್ಲಿಸುತ್ತಿದ್ದೆ. ಹನ್ನೊಂದೂ ಜನ ಕಾಲೆತ್ತಿಕೊಂಡು ನಿಂತಲ್ಲೇ ನಿಂತಿರುತ್ತಿದ್ದರು. ನಾನು ಒಳಗೆ ಹೋಗಿ ಚಾ ಬಿಸಿ ಮಾಡುತ್ತಿದ್ದೆ. ಆ ಹತ್ತು ನಿಮಿಷ ನಾವು ಸೋತವರೂ ಅಲ್ಲ, ಗೆದ್ದವರೂ ಅಲ್ಲ.

ನಮ್ಮ ಕಾನೂನು ನೆನಪಿದೆಯಲ್ಲ? ಶನಿವಾರದ ಮ್ಯಾಚು, ನನಗೆ ಇಲ್ಲಿ ಡ್ಯೂಟಿ. ಭಾನುವಾರ ಆಫ್ ಆಗಿ, ಎಂಬತ್ತು ಕಿಲೋಮೀಟರ್ ಓಡಿಸಿಕೊಂಡು ನಾನು ಅಲ್ ರಯ್ಯಾನಿನ ನಿನ್ನ ಮನೆಗೆ ಮುಟ್ಟಿ, ನೀನು ಲುಸೈಲಿನ ಸ್ಟೋರಿನಿಂದ ಬಂದು ಇಬ್ಬರೂ ಒಟ್ಟಿಗೆ ರೆಕಾರ್ಡಿಂಗ್ ನೋಡುವವರೆಗೆ ಸ್ಕೋರ್ ಕೇಳಬಾರದು, ಪೇಪರ್ ತೆರೆಯಬಾರದು, ಒಬ್ಬರಿಗೊಬ್ಬರು ಫೋನ್ ಮಾಡಬಾರದು. ಆ ಕೊನೆಯದನ್ನು ಸೇರಿಸಿದ್ದು ನಾನು, ನಿನ್ನಿಂದಾಗಿಯೇ. ಒಮ್ಮೆ ಚಾದಂಗಡಿಯ ಮಲಯಾಳಿ ನಿನಗೆ ಸ್ಕೋರ್ ಹೇಳಿಬಿಟ್ಟಿದ್ದ. ನೀನು ಫೋನ್ ಮಾಡಿ "ಹೊರಟೆಯಾ?" ಎಂದು ಮಾತ್ರ ಕೇಳಿದ್ದು. ಅಷ್ಟರಲ್ಲೇ ನಾವು ಸೋತದ್ದು ನನಗೆ ತಿಳಿಯಿತು. ನಿನ್ನ ಹೊಟ್ಟೆಯಲ್ಲಿ ಗುಟ್ಟು ನಿಲ್ಲಬಹುದು, ಸ್ವರದಲ್ಲಿ ನಿಲ್ಲುವುದಿಲ್ಲ.

ಹಾಗೆಂದುಕೊಂಡಿದ್ದೆ. ಆದರೆ ಏಪ್ರಿಲ್ ಹದಿಮೂರಕ್ಕೆ ನೀನು ನನ್ನ ಮಾತನ್ನು ಸುಳ್ಳು ಮಾಡಿದೆ. ಅವತ್ತೂ ನಮಾಜು ಮುಗಿಸಿ ಬಂದೆ, ಚಾಪೆ ಮಡಚಿದೆ, ರಿಮೋಟ್ ಮುಟ್ಟದೆ ಹೇಳಿದೆ, "ತಾರಾ, ನನ್ನ ವೀಸಾ ಕ್ಯಾನ್ಸಲ್ ಆಯ್ತು. ಇಪ್ಪತ್ತಕ್ಕೆ ಟಿಕೆಟ್." ನನ್ನ ಬಾಯಿಯಿಂದ ಬಂದ ಮಾತು ಯಾವುದು? "ಇನ್ನೂ ಆರು ಮ್ಯಾಚ್ ಬಾಕಿ ಉಂಟು, ಈಗ ಹೋಗುದಾ?" ಅದು ದಡ್ಡನ ಮಾತು, ಒಪ್ಪಿದೆ. ತಲೆಯೊಳಗೆ ಏನೂ ಇಲ್ಲದಾಗ ಬಾಯಿ ತಾನೇ ಆಡುತ್ತದೆ. ಆಮೇಲೆ ಕೇಳಿದೆ, ಯಾವಾಗಿನಿಂದ ಗೊತ್ತು ಎಂದು. ನೀನು "ಫೆಬ್ರವರಿಯಿಂದ" ಎಂದೆ.

ಶಾಹುಲ್, ನನಗೆ ಸಿಟ್ಟು ಬಂದದ್ದು ಅಲ್ಲಿ. ಈಗಲೂ ಇಳಿದಿಲ್ಲ. ಹದಿನೇಳು ವರ್ಷ ದುಡಿದ ಕಂಪೆನಿ ನಿನ್ನನ್ನು ಹೊರಗೆ ಹಾಕಿದೆ, ಎರಡು ತಿಂಗಳು ನೀನು ನನ್ನ ಪಕ್ಕದಲ್ಲಿ ಕೂತು ಕಡಲೆ ತಿಂದಿದ್ದೀ, ಒಂದು ಶಬ್ದ ಹೇಳಿಲ್ಲ. ನಾನು ಯಾರು ನಿನಗೆ? ಟಿವಿ ನೋಡಲು ಬರುವ ಗಿರಾಕಿಯಾ? ಮೊದಲೇ ಹೇಳಿದ್ದರೆ ಹತ್ತು ಕಡೆ ಕೇಳುತ್ತಿದ್ದೆ, ಇಲ್ಲಿ ದುಖಾನಿನ ಸ್ಟೋರಿನಲ್ಲಿ ಜಾಗ ಖಾಲಿ ಇತ್ತು. ಮಾರ್ಚಿನಲ್ಲಿ ಅದಕ್ಕೆ ಬೇರೆಯವರು ಬಂದರು. ಅದನ್ನು ನೆನೆದಾಗೆಲ್ಲ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ. ಅವತ್ತು ಕಾರಿನ ಕೀ ತೆಗೆದುಕೊಂಡು ಅರ್ಧ ಮ್ಯಾಚಿನಲ್ಲೇ ಎದ್ದು ಬಂದೆ. ಇಪ್ಪತ್ತಕ್ಕೆ ಏರ್‌ಪೋರ್ಟಿಗೂ ಬರಲಿಲ್ಲ. ಡ್ಯೂಟಿ ಇದೆ ಎಂದು ಹೇಳಿಸಿದ್ದು ಸುಳ್ಳು. ಮನೆಯಲ್ಲೇ ಇದ್ದೆ, ಎಸಿ ರಿಪೇರಿ ಮಾಡುವವನನ್ನು ಕರೆಸಿ ಅವನ ಮೇಲೆ ರೇಗಾಡಿಕೊಂಡು ದಿನ ಕಳೆದೆ.

ಬರೆದು ನೋಡಿದರೆ ಇದು ಕ್ಷಮೆ ಕೇಳುವ ಪತ್ರವೋ ಜಗಳದ ಪತ್ರವೋ ನನಗೇ ತಿಳಿಯುವುದಿಲ್ಲ. ಎರಡೂ ಆಗಿರಲಿ. ಮುಚ್ಚಿಟ್ಟದ್ದು ನಿನ್ನ ತಪ್ಪು, ಬಾರದೆ ಕೂತದ್ದು ನನ್ನದು. ಲೆಕ್ಕ ಸರಿಹೋಯಿತು ಎಂದುಕೊಂಡು ಒಂದು ಫೋನ್ ಮಾಡು ಮಾರಾಯ. ಮುಂದಿನ ವರ್ಷ ಹಾರ್ಟನ್ ಕೆಳಗಿನ ಡಿವಿಷನ್ನಿನಲ್ಲಿ ಆಡುತ್ತದೆ, ಅದನ್ನು ಯಾವ ಚಾನೆಲ್ಲಿನವರು ತೋರಿಸುತ್ತಾರೋ ಅದೂ ಗೊತ್ತಿಲ್ಲ.

ಯೂಜಿನ್ ಕೈಯಲ್ಲಿ ಮುನೀರಾಳಿಗೆ ಸುಗಂಧಿ ಒಂದು ಡಬ್ಬಿ ಖರ್ಜೂರ ಕಳಿಸಿದ್ದಾಳೆ. ನಿನ್ನ ಮೊಣಕಾಲು ನೋವಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ದೇವರು ನಿನ್ನನ್ನೂ ಮನೆಯವರನ್ನೂ ತಂಪಾಗಿಟ್ಟಿರಲಿ.

ನಿನ್ನ,
ತಾರಾನಾಥ

ತಾ.ಕ.: ಲಕೋಟೆ ಅಂಟಿಸುವ ಮೊದಲು ಪತ್ರವನ್ನು ಸುಗಂಧಿಯ ಕೈಗೆ ಓದಲು ಕೊಟ್ಟೆ. "ಮುಚ್ಚಿಟ್ಟದ್ದು ನಿನ್ನ ತಪ್ಪು" ಎಂಬಲ್ಲಿಗೆ ಬಂದು ಅವಳು ಕನ್ನಡಕ ತೆಗೆದಳು.

"ಅವರು ಮುಚ್ಚಿಡ್ಲಿಲ್ಲ" ಎಂದಳು. "ಕೆಲಸ ಹೋದ ಲೆಟರ್ ಕೈಗೆ ಸಿಕ್ಕಿದ ಕೂಡಲೇ ಲುಸೈಲಿನಿಂದ ಮೊದಲು ಫೋನ್ ಮಾಡಿದ್ದು ನಿಮಗೆ. ಮುನೀರಾನಿಗೆ ಹೇಳುವ ಮೊದಲು. ಫೆಬ್ರವರಿ ಎರಡು, ಭಾನುವಾರ. ಮುನೀರಾ ಊರಿಗೆ ಹೋಗುವಾಗ ನನ್ನತ್ರ ಹೇಳಿದ್ಳು. ಆ ಫೋನ್ ಎಂತಕ್ಕೆ ಅಂತ ತಾರಾನಿಗೆ ಗೊತ್ತಾಗುದು ಬೇಡ, ಅವ ತಡ್ಕೊಳ್ಳಿಕ್ಕಿಲ್ಲ ಅಂತ ಶಾಹುಲಣ್ಣನೇ ಹೇಳಿದ್ದಂತೆ. ಅದಕ್ಕೆ ಇಷ್ಟು ದಿನ ನಾನೂ ಸುಮ್ಮನಿದ್ದೆ."

ನೆನಪಾಯಿತು ಶಾಹುಲ್. ಬೆಳಿಗ್ಗೆ ಹತ್ತು ಗಂಟೆ ಇರಬೇಕು. ನೀನು "ತಾರಾ..." ಎಂದು ಒಂದೇ ಮಾತು ಅಂದದ್ದು. ಆ ಸ್ವರ ಕೇಳಿ ಹಾರ್ಟನ್ ಸೋತಿತು ಎಂದುಕೊಂಡೆ. "ಖಲಾಸ್, ಹಾಳು ಮಾಡಿದೆಯಲ್ಲ! ಇನ್ನು ಬಾಯಿ ಬಿಟ್ಟರೆ ನೋಡು" ಎಂದು ಕಟ್ ಮಾಡಿದೆ. ಮತ್ತೆ ಎರಡು ಸಲ ಮಾಡಿದೆ ನೀನು. ನಾನು ಎತ್ತಲಿಲ್ಲ.

ಸಂಜೆ ನಿನ್ನ ಮನೆಯಲ್ಲಿ ನೋಡಿದರೆ ನಾವು ಎರಡು–ಸೊನ್ನೆಯಿಂದ ಗೆದ್ದಿದ್ದೆವು. ನಿನ್ನ ಭುಜ ಹಿಡಿದು ಕುಣಿದೆ. "ಬೆಳಿಗ್ಗೆ ಎಂತಕ್ಕೆ ಫೋನ್ ಮಾಡಿದ್ದು ಮಾರಾಯ, ಸೋತ ಸ್ವರದಲ್ಲಿ?" ಎಂದು ಕೇಳಿದೆ. "ಎಂತ ಇಲ್ಲ, ಬರ್ತೀಯಲ್ಲಾ ಅಂತ ಕೇಳ್ಲಿಕ್ಕೆ" ಎಂದು ಆ ಎರಡು ಗೋಲನ್ನೂ ನೀನು ನನಗೋಸ್ಕರ ಮೂರು ಸಲ ಹಿಂದೆ ಹಾಕಿ ತೋರಿಸಿದೆ. ಮೂರನೆಯ ಸಲವೂ ನಾನು ಚಪ್ಪಾಳೆ ತಟ್ಟಿದೆ.

ಮೇಲೆ ಬರೆದದ್ದನ್ನು ಹೊಡೆದುಹಾಕುವುದಿಲ್ಲ, ನಾನು ಎಂಥವನೆಂದು ನಿನಗೆ ಕಾಣಲಿ. ನೀನು ಫೋನ್ ಮಾಡಬೇಡ. ಪತ್ರ ಮುಟ್ಟಿತು ಎಂದು ಯೂಜಿನ್ ಹೇಳಿದ ದಿನ ನಾನೇ ಮಾಡುತ್ತೇನೆ. ನೀನು ಕಟ್ ಮಾಡು. ಮೂರು ಸಲವೂ ಕಟ್ ಮಾಡು. ಅಷ್ಟು ನನಗೆ ಸಲ್ಲಬೇಕು.