ಪದದಲ್ಲಿ ಇಲ್ಲದ ಮಾತು

೧೪ ಜೂನ್ ೧೯೭೬, ಸಿಂದಗಿ

ತರಬೇತಿಯ ಮೂರನೇ ದಿನ. ಸುತ್ತಲಿನ ಹಳ್ಳಿಗಳಿಂದ ಹನ್ನೊಂದು ಜನ ಸೂಲಗಿತ್ತಿಯರು. ಒಬ್ಬರಿಗೂ ಓದು ಬರದು. ನಾನು ಬೋರ್ಡಿನ ಮೇಲೆ ಬರೆಯುತ್ತೇನೆ, ಅವರು ಬೋರ್ಡಿಗೆ ಕೈ ಮುಗಿಯುತ್ತಾರೆ. ಇಲಾಖೆಯ ಪುಸ್ತಕದಲ್ಲಿ ಹೆರಿಗೆಗೆ ನಾಲ್ಕು ಸೂಚನೆ — ಒಂದೊಂದು ವಾಕ್ಯ ಒಂದೊಂದು ಗೂಡ್ಸ್ ಗಾಡಿ. ಓದಿ ಮುಗಿಸುವಷ್ಟರಲ್ಲಿ ಇಬ್ಬರು ನಿದ್ದೆ ಹೋಗಿದ್ದರು.

ಊಟದ ಹೊತ್ತಿನಲ್ಲಿ ಕೂತು ಪದ ಕಟ್ಟಿದೆ —

ಕೈಯ ತೊಳಿಯವ್ವ ಸಬಕಾರ ಹಚ್ಚಿ
ಉಗುರ ತೆಗಿಯವ್ವ ಸಣ್ಣಗ ಕೊಚ್ಚಿ
ಬ್ಲೇಡ ಕುದಿಸವ್ವ ಗಡಗಿ ಮುಚ್ಚಿ
ನಕ್ಕೀತು ಕೂಸು ಕಣ್ಣು ಬಿಚ್ಚಿ

ಮೂರು ಸಾಲು ಪುಸ್ತಕದ್ದು, ಕೊನೆಯದು ನನ್ನದು. ಪುಸ್ತಕದ ನಾಲ್ಕನೆಯ ಸೂಚನೆ — ಹೊಕ್ಕಳಿನ ಗಾಯಕ್ಕೆ ಏನನ್ನೂ ಹಚ್ಚಕೂಡದು — ಎಷ್ಟು ಜಗ್ಗಿದರೂ ಪ್ರಾಸಕ್ಕೆ ಬರಲಿಲ್ಲ. ಬಾಯಿಮಾತಿನಲ್ಲಿ ಹೇಳಿದರಾಯಿತು ಎಂದು ಬಿಟ್ಟೆ.

ಹನ್ನೊಂದೂ ಜನ ಒಂದೇ ತಾಸಿನಲ್ಲಿ ಕಲಿತರು. ಕನ್ನೊಳ್ಳಿಯ ಹುಲಿಗೆವ್ವ ಮಾತ್ರ ತಕರಾರು ತೆಗೆದಳು. ಅರವತ್ತರ ಹತ್ತಿರದ ಮುದುಕಿ, ನಾಲಿಗೆ ಚುರುಕು. "ಸಾಹೇಬ್ರ, ನಿಮ್ಮ ಕೂಸು ಹುಟ್ಟಿದ ಕೂಡ್ಲೇ ನಗತೈತೇನ್ರಿ? ನಮ್ಮೂರಾಗ ಅಳತಾವು."

ಬಿ.ಎ. ಕನ್ನಡ, ಹೆಲ್ತ್ ಎಜುಕೇಟರ್ ಆಗಿ ಹದಿನಾರು ವರ್ಷ. ಮೊದಲ ವಿಮರ್ಶೆ ಇವತ್ತು ಬಂತು.

೬ ಜುಲೈ

ಕನ್ನೊಳ್ಳಿಗೆ ಹೋಗಿದ್ದೆ. ಎಮ್ಮೆ ಕಾಯುವ ಹುಡುಗಿಯರು ಸಹ ಆ ಪದ ಹಾಡುತ್ತಾರೆ. ಉಬ್ಬಿದೆ; ಸುಳ್ಳು ಯಾಕೆ.

ಹುಲಿಗೆವ್ವ ಚಹಾ ಕೊಟ್ಟಳು. ಸರ್ಕಾರ ಕೊಟ್ಟ ಹೆರಿಗೆ ಸಾಮಾನಿನ ಅಲ್ಯುಮಿನಿಯಂ ಪೆಟ್ಟಿಗೆ ಬೆಳ್ಳಗೆ ಬೆಳಗಿ ಇಟ್ಟಿದ್ದಾಳೆ. ಮಗಳು ಚಂದವ್ವ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ, ಆರು ತಿಂಗಳು. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ನಿಂತ ಬಸಿರು. ಗಂಡನ ಮನೆಯವರು ಎರಡನೇ ಹೆಣ್ಣು ನೋಡುವುದರಲ್ಲಿದ್ದರಂತೆ. ಹುಲಿಗೆವ್ವ ಇದನ್ನೆಲ್ಲ ಹೇಳುತ್ತ ಮಗಳ ಕಡೆ ನೋಡಲೇ ಇಲ್ಲ. ದೃಷ್ಟಿಯಾದೀತೆಂಬ ಹೆದರಿಕೆ.

ಧನುರ್ವಾಯು ಬಾರದ ಸೂಜಿ ಎರಡು ಸಲ ಹಾಕಿಸಬೇಕೆಂದೆ. ಚಂದವ್ವ ಒಳಗೆ ಎದ್ದು ಹೋದಳು. ಸೂಜಿ ಹಾಕಿಸಿಕೊಂಡರೆ ಬಸಿರು ಇಳಿಯುತ್ತದೆ, ಮುಂದೆ ಮಕ್ಕಳೂ ಆಗುವುದಿಲ್ಲ ಎಂದು ಊರೆಲ್ಲ ಸುದ್ದಿ. ನಮ್ಮ ಆರೋಗ್ಯ ಕೇಂದ್ರದ ಸಿಸ್ಟರ್ ಅಖ್ತರಬೇಗಂ ಅವರಿಗೆ ಹೇಳಬೇಕು. ಹೆಂಗಸರ ಮನಸ್ಸು ತಿರುಗಿಸುವುದು ಅವರಿಗೇ ಸೈ.

೨೧ ಆಗಸ್ಟ್

ಸರ್ಕ್ಯುಲರ್ ಬಂತು. ಗುರಿ ಮುಟ್ಟುವವರೆಗೆ ಸಿಬ್ಬಂದಿಗೆಲ್ಲ ಮಕ್ಕಳಾಗದ ಹಾಗೆ ಮಾಡುವ ಆಪರೇಷನ್ ಕ್ಯಾಂಪಿನದೇ ಕೆಲಸ. ಉಳಿದ ಭೇಟಿ, ಸೂಜಿ, ತರಬೇತಿ — ಎಲ್ಲ ಆಮೇಲೆ. ಡಾಕ್ಟರ್ ಸಾಹೇಬರಿಗೆ ಇಷ್ಟು ಕೇಸು, ಸಿಸ್ಟರಿಗೆ ಇಷ್ಟು, ನನಗೆ ಇಷ್ಟು. ನೆಲ ಒರೆಸುವ ಯಂಕಪ್ಪನಿಗೂ ಮೂರು. ಅವನು ಕೇಳಿದ, "ನನ್ನನ್ನ ಒಂದ ಕೇಸಂತ ಹಿಡೀರಿ ಸಾಹೇಬ್ರ, ಉಳಿದ ಎರಡು ನೋಡೋಣ." ಡಾಕ್ಟರ್ ಸಾಹೇಬರು ಹೆಸರು ಬರೆದುಕೊಂಡರು.

ಸಿಸ್ಟರ್ ಅಖ್ತರಬೇಗಂ ಇಂಡಿಯವರು, ಧೈರ್ಯದ ಹೆಣ್ಣುಮಗಳು. ಇವತ್ತು ಅವರೂ ಸೋತ ದನಿಯಲ್ಲಿ, "ಈಗ ಹಳ್ಳಿಗೆ ಹ್ಯಾಂಗ ಹೋಗ್ಲಿ ಸರ್. ನನ್ನ ಬಿಳೀ ಸೀರಿ ಕಂಡ್ರ ಹೆಂಗಸ್ರು ಸಜ್ಜಿ ಹೊಲ ಹೊಕ್ಕೊಂತಾರ."

ನನ್ನ ಪಾಲಿಗೆ ಕ್ಯಾಂಪಿನ ಘೋಷಣೆಯ ಬೋರ್ಡುಗಳು. ಬಾಗೇವಾಡಿಗೆ ಹನ್ನೆರಡು, ಮುದ್ದೇಬಿಹಾಳಕ್ಕೆ ಇಪ್ಪತ್ತು. ಪ್ರಾಸಕ್ಕೇನು ಬರಗಾಲ...

೯ ಸೆಪ್ಟೆಂಬರ್

ಮುದ್ದೇಬಿಹಾಳ ಕ್ಯಾಂಪ್ ಮುಗಿಸಿ ಸಂಜೆ ಬಂದೆವು. ಯಂಕಪ್ಪ ಹೇಳಿದ — ಹುಲಿಗೆವ್ವ ಮಗಳನ್ನು ಕರೆದುಕೊಂಡು ಬಂದಿದ್ದಳು. ಸಿಸ್ಟರ್ ಮೂರು ಸಲ ಮನೆ ತುಳಿದು ಒಪ್ಪಿಸಿದ್ದರು. ಸರ್ಕ್ಯುಲರ್ ಕಣ್ಣು ತಪ್ಪಿಸಿ, ರವಿವಾರ ರವಿವಾರ. ಸೂಜಿಗೆಂದು ಬಂದ ದಿನ ಕೇಂದ್ರಕ್ಕೆ ಬೀಗ. ಸೂಜಿಮದ್ದಿನ ಐಸ್ ಪೆಟ್ಟಿಗೆ ಜೀಪಿನಲ್ಲಿ ಮುದ್ದೇಬಿಹಾಳಕ್ಕೆ ಹೋಗಿತ್ತು. ತಾಯಿ ಮಗಳು ಮೂರು ತಾಸು ಕಟ್ಟೆಯ ಮೇಲೆ ಕೂತು ಹೋದರಂತೆ.

ಮುಂದಿನ ವಾರ ಬಾ ಎಂದು ಕಳಿಸಿದ್ದಾನೆ. ಮುಂದಿನ ವಾರ ಇಂಡಿ ಕ್ಯಾಂಪ್.

೧೧ ಅಕ್ಟೋಬರ್

ತಿಂಗಳ ಮೇಲಾಯಿತು, ಇಲ್ಲಿ ಬರೆದಿಲ್ಲ. ಬೋರ್ಡು ಬರೆದು ಕೈ ಸೋತಿದೆ.

ಇವತ್ತು ಸಂತೆಗೆ ಬಂದ ಹುಲಿಗೆವ್ವ ಕೇಂದ್ರಕ್ಕೆ ಬಂದು ಸಕ್ಕರೆ ಕೊಟ್ಟಳು. ಚಂದವ್ವನಿಗೆ ಹೆಣ್ಣುಕೂಸು, ಮೊನ್ನೆ ಬೆಳಿಗ್ಗೆ. "ಅಳತೈತ್ರಿ. ನಿಮ್ಮ ಪದದಂಗ ಇನ್ನ ನಕ್ಕಿಲ್ಲ." ಸಬಕಾರ ಎರಡು ಸಲ ಹಚ್ಚಿದಳಂತೆ. ಹೊಸ ಬ್ಲೇಡು, ಗಡಿಗೆ ಮುಚ್ಚಿ ಕುದಿಸಿದಳಂತೆ. ಪದ ಪೂರಾ ಹಾಡಿಯೇ ಹೊಕ್ಕಳಹುರಿ ಕೊಯ್ದಳಂತೆ. ಸೂಜಿಯ ಮಾತು ಆಕೆಯೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಸಕ್ಕರೆ ತಿಂದೆ.

೧೮ ಅಕ್ಟೋಬರ್

ಬೆಳಿಗ್ಗೆ ಒಂಬತ್ತಕ್ಕೆ ಕೂಸನ್ನು ತಂದರು. ನಿನ್ನೆಯಿಂದ ಮೊಲೆ ಹಿಡಿದಿಲ್ಲ. ದವಡೆ ಬಿಗಿದಿದೆ — ಧನುರ್ವಾಯು. ಮುಟ್ಟಿದರೆ ಬೆನ್ನು ಬಿಲ್ಲಿನ ಹಾಗೆ ಬಾಗುತ್ತದೆ, ಬಾಗಿಲು ಸಪ್ಪಳವಾದರೂ ಬಾಗುತ್ತದೆ. ಡಾಕ್ಟರ್ ಕ್ಯಾಂಪಿನಲ್ಲಿ, ಜೀಪ್ ಕ್ಯಾಂಪಿನಲ್ಲಿ. ನಾನು, ಸಿಸ್ಟರ್, ಯಂಕಪ್ಪ.

ಸಿಸ್ಟರ್ ಅರಿವೆ ಬಿಚ್ಚಿದರು. ಹೊಕ್ಕಳ ಮೇಲೆ ಬೂದಿ, ಔಡಲೆಣ್ಣೆಯಲ್ಲಿ ಕಲಸಿದ್ದು. ಸಿಸ್ಟರ್ ಒಮ್ಮೆ ನನ್ನ ಮುಖ ನೋಡಿದರು. ಮತ್ತೆ ಅರಿವೆ ಮುಚ್ಚಿದರು.

ಬಿಜಾಪುರದ ಬಸ್ಸಿಗೆ ಹತ್ತಿಸಿದೆವು. ಸಿಸ್ಟರ್ ಜೊತೆಗೆ ಹೋದರು. ದೇವರ ಹಿಪ್ಪರಗಿ ಮುಟ್ಟುವ ಮೊದಲೇ ಮುಗಿಯಿತು. ಅಲ್ಲಿಯೇ ಇಳಿದು ತಿರುಗಿ ಬರುವ ಬಸ್ಸಿಗೆ ನಿಂತರಂತೆ. ಸತ್ತಿದ್ದು ಗೊತ್ತಾದರೆ ಕಂಡಕ್ಟರ್ ಹತ್ತಿಸಿಕೊಳ್ಳುವುದಿಲ್ಲವೆಂದು ಚಂದವ್ವ ಸೆರಗು ಹೊದಿಸಿ ಹಾಲು ಕುಡಿಸುವವಳ ಹಾಗೆ ಹಿಡಿದುಕೊಂಡು ಬಂದಳು. ಸಿಂದಗಿಯವರೆಗೂ.

೨೦ ಅಕ್ಟೋಬರ್

ಡಾಕ್ಟರ್ ಸಾಹೇಬರಿಗೆ ಹೇಳಿದೆ. ಕೆಟ್ಟವರಲ್ಲ. ಪೆನ್ನಿನ ಟೋಪಿ ಹಾಕಿದರು. "ತಿಂಗಳ ರಿಪೋರ್ಟಿನಾಗ ಇದಕ್ಕ ಕಾಲಂ ಇಲ್ರಿ ಕವಿಗಳ." ಕಾಲಂ ಇರುವುದು ಕೇಸಿಗೆ. ಈ ತಿಂಗಳು ನಮ್ಮ ಕೇಂದ್ರ ಎರಡನೇ ನಂಬರ್ ಅಂತೆ.

ಪುಸ್ತಕ ತೆಗೆದೆ. ನಾಲ್ಕನೇ ಸೂಚನೆ ಹಾಗೆಯೇ ಇದೆ. ಆ ದಿನ ಬಾಯಿಮಾತಿನಲ್ಲಿ ಹೇಳಿದೆನೇ? ಪದ ಕಲಿಸಿದ್ದು ನೆನಪಿದೆ. ಚಪ್ಪಾಳೆ ನೆನಪಿದೆ. ಚಹಾ ಬಂದದ್ದು ನೆನಪಿದೆ.

ಸಿಸ್ಟರನ್ನು ಕೇಳಿದೆ. ಅವರೂ ಅಲ್ಲಿದ್ದರು. ಸುಮ್ಮನೆ ತಲೆ ಅಲ್ಲಾಡಿಸಿದರು — ಇಲ್ಲ ಎಂದು.

೨೪ ಅಕ್ಟೋಬರ್

ಕನ್ನೊಳ್ಳಿ. ಹೇಳಲೆಂದೇ ಹೋದೆ.

ಚಂದವ್ವ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಎದೆಹಾಲು ಇಂಗಲೆಂದು ಬಿಗಿಯಾಗಿ ಅರಿವೆ ಕಟ್ಟಿದ್ದರು. ಐದನೇ ದಿನದ ಪೂಜೆಯಲ್ಲಿ ಏನೋ ಕೊರತೆಯಾಗಿದೆ, ಸಟವಿ ದೇವತೆ ಹಣೆಯಲ್ಲಿ ಇಷ್ಟೇ ಬರೆದಳು ಎಂದು ನೆರೆಯವರು ಸಮಾಧಾನ ಹೇಳುತ್ತಿದ್ದರು. ಹುಲಿಗೆವ್ವ ನನ್ನನ್ನು ಹೊರಗೆ ಕರೆದಳು.

"ಪದದಾಗ ಇದ್ದದ್ದು ಒಂದೂ ಬಿಟ್ಟಿಲ್ರಿ ಸಾಹೇಬ್ರ. ಮ್ಯಾಲ ನನ್ನ ಕೈಲಾದದ್ದೂ ಮಾಡೇನಿ. ಮೊಮ್ಮಗಳಲ್ರಿ? ನಮ್ಮ ಆಕಳ ಸಗಣಿ ಕುಳ್ಳು ಬ್ಯಾರೇನ ಸುಟ್ಟು, ಧೋತರದ ಅರಿವ್ಯಾಗ ಸೋಸಿ ಬೂದಿ ಹಚ್ಚೇನಿ. ಎಲ್ಲಿ ತಪ್ಪೇನಿ, ಹೇಳ್ರಿ."

ಸೂಜಿ ಆಗಿರಲಿಲ್ಲವಲ್ಲ, ಆ ದಿನ ಬೀಗ ಇತ್ತಲ್ಲ, ಅದಕ್ಕೇ — ಎಂದೆ.

ಸುಳ್ಳಲ್ಲ. ಸೂಜಿ ಬಿದ್ದಿದ್ದರೆ ಬೂದಿ ಹಚ್ಚಿದರೂ ಕೂಸು ಉಳಿಯುತ್ತಿತ್ತೇನೋ. ಅರ್ಧ ಮಾತು ಹೇಳಿ, ಸರ್ಕ್ಯುಲರ್ ಬೆನ್ನ ಹಿಂದೆ ಅಡಗಿ ಬಂದೆ. ಬಸ್ಸಿನಲ್ಲಿ ಕೂತಾಗ ಹಗುರೆನಿಸಿತು. ನಾಚಿಕೆಯಾಗಬೇಕಾದದ್ದು ಅದಕ್ಕೆ.

೯ ನವೆಂಬರ್

ಸಿಸ್ಟರ್ ಸುದ್ದಿ ತಂದರು. ಕನ್ನೊಳ್ಳಿಯ ಬೀರಣ್ಣನ ಹೆಂಡತಿ ರೇವವ್ವನಿಗೆ ಈ ವಾರವೇ ಹೆರಿಗೆಯ ದಿನ. ಸೂಜಿ ಇಲ್ಲ. ಊರಿಗೆ ಇರುವವಳು ಹುಲಿಗೆವ್ವ ಒಬ್ಬಳೇ. ಪಾಪ, ಮೊಮ್ಮಗಳನ್ನು ಕಳೆದುಕೊಂಡ ಮೇಲೆ ಇನ್ನೂ ಹೆಚ್ಚು ಎಚ್ಚರಿಕೆಯಿಂದಿದ್ದಾಳಂತೆ. ಬೂದಿ ಎರಡು ಸಲ ಸೋಸುತ್ತೇನೆಂದು ಹೇಳಿದಳಂತೆ.

ಹೇಳಿದರೆ ಮುದುಕಿ ಬದುಕಿದ್ದೂ ಸತ್ತ ಹಾಗೆ. ಹೇಳದಿದ್ದರೆ ರೇವವ್ವನ ಕೂಸು.

"ನಾ ಹೇಳ್ತೇನಿ ಬಿಡ್ರಿ ಸರ್," ಎಂದರು ಸಿಸ್ಟರ್. ಬೇಡವೆಂದೆ. ಪದ ಕಟ್ಟಿದವರು ಅವರಲ್ಲ.

ಹೊಸ ಸಾಲು ಹೊಂದಿಸಲು ಕೂತೆ. ಒಂದಲ್ಲ, ಮೂರು ಬಂದವು. ಮೂರಕ್ಕೂ ಚಂದ ಪ್ರಾಸ. ಜೂನ್‌ನಲ್ಲಿ ಇನ್ನೊಂದು ಅರ್ಧ ತಾಸು ಕೂತಿದ್ದರೆ ಸಾಕಿತ್ತು. ಹರಿದು ಹಾಕಿದೆ.

೧೧ ನವೆಂಬರ್, ಕನ್ನೊಳ್ಳಿಯಿಂದ ಬಂದ ಮೇಲೆ

ಹೇಳಿದೆ. ಹಾಡದೆ, ಬರೀ ಮಾತಿನಲ್ಲಿ. ಹೊಕ್ಕಳಿಗೆ ಏನೂ ಹಚ್ಚಬಾರದು, ಬೂದಿಯನ್ನೂ. ಧನುರ್ವಾಯು ಸಗಣಿಯಲ್ಲಿ ಇರುತ್ತದೆ, ಸುಟ್ಟರೂ ಸೋಸಿದರೂ ಪೂರಾ ಹೋಗುವುದಿಲ್ಲ. ಇದು ಪುಸ್ತಕದಲ್ಲಿತ್ತು, ನಾನು ಬಿಟ್ಟೆ, ತಪ್ಪು ನನ್ನದು — ಇದನ್ನೂ ಹೇಳಿದೆ.

ಹುಲಿಗೆವ್ವ ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚಲೋ ಇತ್ತು.

"ಬ್ಲೇಡ ಕುದಿಸಿದ್ದು ಖರೇನ?"

ಖರೆ ಎಂದೆ.

"ಸಬಕಾರ?"

ಅದೂ ಖರೆ.

"ಬೂದಿ ಒಂದ."

"ಬೂದಿ ಒಂದ, ಹುಲಿಗೆವ್ವ."

ಒಳಗೆ ಚಂದವ್ವ ರೊಟ್ಟಿ ಬಡಿಯುವ ಸಪ್ಪಳ. ಗಂಡನ ಮನೆಯಿಂದ ಕರೆಯಲು ಇನ್ನೂ ಯಾರೂ ಬಂದಿಲ್ಲ. ಮುದುಕಿ ದನಿ ತಗ್ಗಿಸಿ, ಅಕಿಗೆ ಹೇಳಬ್ಯಾಡ್ರಿ ಎಂದಳು. ಆಮೇಲೆ, ರೇವವ್ವನ ಕೂಸಿಗೆ ಹಚ್ಚಂಗಿಲ್ಲ, ಚಿಂತಿ ಬಿಡ್ರಿ ಎಂದಳು. ಬಂದ ಕೆಲಸ ಆಗಿತ್ತು. ಎದ್ದೆ.

ಆಕೆ ಏಳಲಿಲ್ಲ. ಬಲಗೈಯ ಹೆಬ್ಬೆರಳು ಬೆರಳ ಗೆರೆಗಳ ಮೇಲೆ ಸರಿಯುತ್ತಿತ್ತು. ಮೂವತ್ತನಾಲ್ಕು ವರ್ಷದಿಂದ ಈ ಊರಿನ ಕೂಸುಗಳೆಲ್ಲ ಆ ಕೈಗೇ ಬಂದವು. ಬಾಯೊಳಗೇ ಶುರು ಮಾಡಿದಳು — ಗುರಲಿಂಗಪ್ಪನ ಹಿರೇಮಗಳು, ಎಂಟನೇ ದಿನಕ್ಕ ಹೋತು. ಸೋಮನಿಂಗನ ಅವಳಿ-ಜವಳಿ, ಒಂದರ ಹಿಂದ ಒಂದು. ಅಗಸರ ಮನಿದು. ಮತ್ತೆ ಸೋಮನಿಂಗನದ, ಮರುವರ್ಷ. ಒಂದು ಕೈಯ ಎಣಿಕೆ ಮುಗಿದು ಇನ್ನೊಂದು ಕೈ ಎತ್ತಿಕೊಂಡಳು. ನಾನು ಮತ್ತೆ ಕೂತೆ. ಸಿಂದಗಿ ಬಸ್ಸು ಬಂತು, ನಿಂತಿತು, ಹೋಯಿತು.

"ಶಂಕ್ರೆಪ್ಪನ ಎರಡನೇದು... ಇಲ್ರಿ, ಅದು ಆರನೇ ದಿನಕ್ಕ ಹೋತು. ಆರನೇ ದಿನದ್ದೂ ಬೂದಿ ಲೆಕ್ಕದಾಗ ಬರತೈತೇನ್ರಿ, ಸಾಹೇಬ್ರ?"

ಬರತೈತಿ ಎಂದೆ.

ಹೆಬ್ಬೆರಳು ಮುಂದಿನ ಗೆರೆಗೆ ಹೋಯಿತು. ಹುಚ್ಚವ್ವನ ಗಂಡುಕೂಸು. ಅದಕ್ಕಿಂತ ಮೊದಲು ಆಕೆಯದೇ ಇನ್ನೊಂದು, ಅದಕ್ಕೆ ಹೆಸರೂ ಇಟ್ಟಿರಲಿಲ್ಲ, ಅದು —