ಸೂಜಿ ಮೊದಲು, ರಕ್ತ ಆಮೇಲೆ

ಮಾನ್ಯ ಆರೋಗ್ಯಾಧಿಕಾರಿಗಳೇ,

ತಮ್ಮ ಸುತ್ತೋಲೆಯ ಮೂರನೇ ಪುಟದ ಕೆಳತುದಿಯಲ್ಲಿ, ಭೂತಗನ್ನಡಿ ಹಿಡಿದರೆ ಮಾತ್ರ ಕಾಣುವಷ್ಟು ಸಣ್ಣ ಅಕ್ಷರದಲ್ಲಿ, ‘ಕ್ರಮಸಂಖ್ಯೆ 53: ಯಂತ್ರದೋಷ, ಕೈಬಿಡಲಾಗಿದೆ’ ಎಂದಿದೆ. ನನ್ನ ಕಸುಬು ಗಡಿಯಾರ ರಿಪೇರಿ. ಭೂತಗನ್ನಡಿ ದಿನವಿಡೀ ಕಣ್ಣಿಗೇ ಅಂಟಿಕೊಂಡಿರುತ್ತದೆ, ಹಾಗಾಗಿ ಓದಿದೆ. ಆ ಯಂತ್ರದೋಷ ನನ್ನ ಸೊಸೆ. ಅವಳ ಏಳು ತಿಂಗಳ ಮಗಳಿಗೆ ಅಪಸ್ಮಾರದ ಸೆಳೆತ ಯಾಕೆ ಬರುತ್ತಿತ್ತು ಎಂದು ಹೇಳಬಲ್ಲ ಒಂದೇ ಒಂದು ಅಂಕಿಯನ್ನು ತಾವು ಗುಡಿಸಿ ಆಚೆ ಹಾಕಿದಿರಿ. ಉಳಿದ ಎಂಬತ್ತಾರು ಹೆಂಗಸರ ಅಂಕಿಗಳನ್ನು ಮುಂದಿಟ್ಟು, ನಮ್ಮ ತಾಯಂದಿರಲ್ಲಿ ವಿಟಮಿನ್ ಬಿ-12 ಕೊರತೆಯೇ ಇಲ್ಲ ಎಂದು ಸಾರಿದಿರಿ. ಇಲ್ಲದ ಕೊರತೆಗೆ ಔಷಧಿಯೇಕೆ ಎಂದು, ಬರುವ ತಿಂಗಳಿಂದ ಗರ್ಭಿಣಿಯರಿಗೂ ಬಾಣಂತಿಯರಿಗೂ ಅದರ ಸೂಜಿ ನಿಲ್ಲಿಸಲು ಅಪ್ಪಣೆಯನ್ನೂ ಹೊರಡಿಸಿದಿರಿ. ಇದು ಗೊತ್ತಿಲ್ಲದೆ ಆದ ತಪ್ಪೋ, ಗೊತ್ತಿದ್ದೇ ಮಾಡಿದ ಕೆಲಸವೋ? ಈ ಕಾಗದ ಬರೆಯುತ್ತಿರುವುದು ಅದನ್ನು ಕೇಳುವುದಕ್ಕೆ.

ನಾನು ಮೊಸರಿನಲ್ಲಿ ಕಲ್ಲು ಹುಡುಕುವವನು ಎಂದು ನನ್ನ ಹೆಂಡತಿ ಮೂವತ್ತು ವರ್ಷದಿಂದ ಹೇಳುತ್ತಾ ಬಂದಿದ್ದಾಳೆ. ಇರಬಹುದು. ಆದರೆ ಹುಡುಕಲೇಬೇಕಾಗಿದ್ದ ದಿನ ನಾನು ಹುಡುಕಲಿಲ್ಲ. ನಾಲ್ಕೂವರೆ ತಿಂಗಳಾಗಿದ್ದಾಗ ಮೊಮ್ಮಗಳು ತಲೆಯಾಡಿಸತೊಡಗಿದಳು. ನಿದ್ದೆಯಿಂದ ಎದ್ದ ಕೂಡಲೇ ಗದ್ದ ಎದೆಗೆ ತಾಗುವಂತೆ ಒಂದು ಹೂಂ, ಮತ್ತೊಂದು ಹೂಂ. ನಮಗೆ ತಮಾಷೆಯೋ ತಮಾಷೆ. ‘ಹೂಂಪುಟ್ಟಿ’ ಎಂದು ಹೆಸರಿಟ್ಟೆವು. ತಾತನ ಅಂಗಡಿಗೆ ಬರ್ತೀಯಾ ಎಂದರೆ ಹೂಂ, ಅಜ್ಜಿ ಕೆಟ್ಟವಳಾ ಎಂದರೂ ಹೂಂ. ಬೀದಿಯವರನ್ನೆಲ್ಲ ಕರೆದು ತೋರಿಸಿದವನು ನಾನು.

ಅನುಮಾನ ಬಂದದ್ದು ಸೊಸೆಗೆ. “ಮಾವ, ಇದು ತಲೆ ಆಡಿಸೋದಲ್ಲ. ಕೈಯೂ ಎರಡೂ ಕಡೆ ಚಾಚಿಕೊಳ್ತಿದೆ. ಆದ್ಮೇಲೆ ಅಳ್ತಾಳೆ ನೋಡಿ,” ಎಂದಳು. ಮಗು ಮುದ್ದು ಮಾಡಿದರೂ ನಿನಗೆ ಅನುಮಾನವಾ, ಸುಮ್ಮನಿರಮ್ಮ ಎಂದು ಅವಳ ಬಾಯಿ ಮುಚ್ಚಿಸಿದೆ. ಆ ಮಾತು ಈಗಲೂ ನನ್ನ ಗಂಟಲಲ್ಲೇ ಇದೆ, ಸ್ವಾಮಿ. ಕೆಲವು ವಾರ ಕಳೆದ ಮೇಲೆ ಒಂದು ಬೆಳಗ್ಗೆ ಮಗು ನನ್ನ ತೊಡೆಯ ಮೇಲಿತ್ತು. ಅಭ್ಯಾಸಬಲದಿಂದ ಎಣಿಸಿದೆ. ಹೂಂ, ಎಂಟು ಸೆಕೆಂಡು ಬಿಟ್ಟು ಹೂಂ, ಮತ್ತೆ ಎಂಟು ಸೆಕೆಂಡು. ಹೀಗೆ ಹನ್ನೊಂದು ಸಲ. ಮಕ್ಕಳ ಆಟಕ್ಕೆ ಅಷ್ಟು ಶಿಸ್ತು ಇರುವುದಿಲ್ಲ. ಆಗ ನೆನಪಾಯಿತು: ಮಗುಚಿಕೊಳ್ಳುತ್ತಿದ್ದ ಮಗು ಮಗುಚುವುದನ್ನು ಬಿಟ್ಟು ತಿಂಗಳಾಗಿತ್ತು, ನನ್ನನ್ನು ನೋಡಿ ನಕ್ಕು ಎಷ್ಟು ದಿನವಾಯಿತೋ. ಅದೇ ದಿನ ದೊಡ್ಡಾಸ್ಪತ್ರೆಗೆ ಓಡಿದೆವು.

ಅಲ್ಲಿನ ಡಾಕ್ಟರಮ್ಮ ಮಗುವಿನ ತಲೆಗೆ ತಂತಿ ಅಂಟಿಸಿ ಮಿದುಳಿನ ಅಲೆಗಳ ಪರೀಕ್ಷೆ ಮಾಡಿದರು. ಹಸುಗೂಸುಗಳಿಗೆ ಬರುವ ಅಪಸ್ಮಾರದ ಸೆಳೆತ ಇದು, ಹೀಗೆ ಸಾಲುಸಾಲಾಗಿ ಬರುತ್ತದೆ, ಎಷ್ಟೋ ಮನೆಯವರು ಆಟವೆಂದೇ ತಿಳಿಯುತ್ತಾರೆ ಎಂದರು. ಮಗು ಬಿಳಿಚಿಕೊಂಡಿತ್ತು, ಬೆರಳ ಗೆಣ್ಣುಗಳು ಕಪ್ಪಾಗಿದ್ದವು. ಅದನ್ನು ನೋಡಿ, ತಾಯಿ ಏನು ತಿನ್ನುತ್ತಾಳೆ ಎಂದು ವಿಚಾರಿಸಿದರು. ನಮ್ಮದು ಮಾಂಸ, ಮೊಟ್ಟೆ ಮುಟ್ಟದ ಮನೆ. ಬಸುರಿಯಾದಾಗಿನಿಂದ ಹಾಲು ಕಂಡರೆ ಸೊಸೆಗೆ ವಾಕರಿಕೆ. ಮಗುವಿಗೋ ತಾಯಿಯ ಎದೆಹಾಲೊಂದೇ ಆಹಾರ. ಆ ಡಾಕ್ಟರಮ್ಮ ಮಾತು ಅಳೆದು ತೂಗಿ ಆಡುವವರು. “ಎಲ್ಲ ಸೆಳೆತಕ್ಕೂ ವಿಟಮಿನ್ ಕಾರಣ ಅಲ್ಲ, ತಾತ. ಬೇರೆ ಕಾರಣ ಬೇಕಾದಷ್ಟಿವೆ. ಆದ್ರೆ ಇದು ಹುಡುಕಿದ್ರೆ ಸಿಗೋ ಕಾರಣ. ಸಿಕ್ಕಿದ್ರೆ ಔಷಧಿನೂ ಇದೆ. ತಡ ಮಾಡಬಾರದು ಅಷ್ಟೆ.” ತಾಯಿಯ ರಕ್ತವನ್ನು ಈಚೆಗೆ ಎಲ್ಲಾದರೂ ಪರೀಕ್ಷೆ ಮಾಡಿಸಿದ್ದೀರಾ ಎಂದರು.

ಮಾಡಿಸಿದ್ದೆವಲ್ಲ! ತಮ್ಮ ತಪಾಸಣೆಗೆ ಮಾದರಿಯಾಗಿ ಆರಿಸಿಕೊಂಡದ್ದು ನಮ್ಮ ಬಡಾವಣೆಯ ಆರೋಗ್ಯ ಕೇಂದ್ರವನ್ನೇ. ಎಲ್ಲರಿಗೂ ಮೊಹರು ಹಾಕಿದ ರಿಪೋರ್ಟು ಸಿಕ್ಕಿತ್ತು. ಸೊಸೆ ಎರಡು ಸಲ ಹೋದಾಗಲೂ “ನಿಮ್ಮದು ಬಂದಿಲ್ಲ” ಎಂದು ಕಳಿಸಿದ್ದರು. ಡಾಕ್ಟರಮ್ಮ ಫೋನು ಮಾಡಿ ತರಿಸಿಕೊಂಡ ಮೇಲೆ ಗೊತ್ತಾಯಿತು, ಅದು ಬಂದು ನಲವತ್ತೊಂದು ದಿನವಾಗಿತ್ತು. ಕ್ರಮಸಂಖ್ಯೆ 53, ಬಿ-12 ಯಂತ್ರ ಅಳೆಯಲಾಗದಷ್ಟು ಕಡಿಮೆ. ನಲವತ್ತೊಂದು ದಿನ, ದಿನಕ್ಕೆ ನಾಲ್ಕೈದು ಸಾಲು ಸೆಳೆತ. ಲೆಕ್ಕ ತಾವೇ ಹಾಕಿಕೊಳ್ಳಿ.

ಎಂಬತ್ತಾರು ಜನಕ್ಕೆ ಯಥೇಚ್ಛವಾಗಿದ್ದದ್ದು ಇವಳೊಬ್ಬಳಿಗೆ ಯಾಕಿಲ್ಲ? ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂದುಕೊಂಡು ತಮ್ಮವರು ಇವಳನ್ನು ಪಟ್ಟಿಯಿಂದ ಹೊಡೆದುಹಾಕಿದರು. ನಾನು ಮಾತ್ರ ಆ ಕೇಂದ್ರದ ಬೆಂಚಿನ ಮೇಲೆ ಒಂದು ಬೆಳಗ್ಗೆ ಪೂರ್ತಿ ಕುಳಿತೆ. ಬಾಗಿಲ ಪಕ್ಕದಲ್ಲೇ ಸೂಜಿ ಕೋಣೆ, ಕಾರಿಡಾರಿನ ಕೊನೆಯಲ್ಲಿ ರಕ್ತ ತೆಗೆಯುವ ಕೋಣೆ. ನರ್ಸಮ್ಮನನ್ನು ವಿಚಾರಿಸಿದೆ. “ನಾನು ಹತ್ತೂವರೆಗೆ ಇನ್ನೊಂದು ಕೇಂದ್ರಕ್ಕೆ ಹೋಗ್ಬೇಕು ತಾತ. ರಕ್ತ ತೆಗೆಯೋರು ಬರೋದೇ ಹನ್ನೊಂದಕ್ಕೆ. ಸೂಜಿ ಮೊದಲಾಗದೆ ಇನ್ನೇನಾಗುತ್ತೆ?” ಎಂದರು. ಪಾಪ, ಅವರದೇನೂ ತಪ್ಪಿಲ್ಲ.

ಅರ್ಥವಾಯಿತೇ, ಮಾನ್ಯರೇ? ಎಂಬತ್ತಾರು ಹೆಂಗಸರಿಗೆ ಒಂಬತ್ತೂವರೆಗೆ ಅವರ ಮೊದಲ ಬಿ-12 ಸೂಜಿ ಚುಚ್ಚಿ, ಬೆಂಚಿನ ಮೇಲೆ ಕೂರಿಸಿ, ಹನ್ನೊಂದಕ್ಕೆ ರಕ್ತ ತೆಗೆದು, ಆಹಾ, ರಕ್ತದಲ್ಲಿ ಬಿ-12 ತುಂಬಿ ತುಳುಕುತ್ತಿದೆ ಎಂದು ಬರೆದುಕೊಂಡಿದ್ದೀರಿ. ನಿಂತ ಗಡಿಯಾರ ಅಂಗಡಿಗೆ ಬಂದರೆ, ಅದು ಹೇಗೆ ನಿಂತಿದೆ ಎಂದು ಚೀಟಿಯಲ್ಲಿ ಬರೆಯುವ ತನಕ ನಾನು ಕೀ ಕೊಡುವುದಿಲ್ಲ. ಕೀ ಕೊಟ್ಟ ಮೇಲೆ ಕೆಟ್ಟ ಗಡಿಯಾರವೂ ಸ್ವಲ್ಪ ಹೊತ್ತು ಓಡುತ್ತದೆ. ಇದು ನನ್ನ ಕಸುಬಿನ ಮೊದಲ ಪಾಠ. ತಮ್ಮ ಕಸುಬಿನಲ್ಲಿ ಇದು ಎಷ್ಟನೆಯ ಪಾಠ? ನನ್ನ ಸೊಸೆ ಆ ದಿನ ತಡವಾಗಿ ಹೋಗಿದ್ದಳು, ಯಾಕೆಂದರೆ ಹೊರಡುವ ಹೊತ್ತಿಗೆ ಮಗು ‘ಹೂಂ’ ಎನ್ನಲು ಶುರುಮಾಡಿತ್ತು. ಸೂಜಿ ಕೋಣೆಗೆ ಬೀಗ ಬಿದ್ದಿತ್ತು. ಮುಂದಿನ ವಾರ ಬನ್ನಿ ಎಂದು ಬರೀ ರಕ್ತ ತೆಗೆದು ಕಳಿಸಿದರು. ಮಗುವಿನ ಗಡಿಬಿಡಿಯಲ್ಲಿ ಆ ಮುಂದಿನ ವಾರ ಬರಲೇ ಇಲ್ಲ. ತಮ್ಮ ಪಟ್ಟಿಯಲ್ಲಿ ನಂಬಬಹುದಾದ ರಕ್ತ ಅದೊಂದೇ ಇತ್ತು. ಅದನ್ನೇ ತೆಗೆದು ಎಸೆದಿರಿ.

ಗೊತ್ತಿಲ್ಲದೆ ಆಗಿದ್ದು ಎಂದು ನಂಬಲು ನಾನೂ ಸಿದ್ಧನಿದ್ದೆ. ಹಾಗೆಂದೇ ತಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಂತೆ. ಸೊಸೆಯ ರಕ್ತದ ರಿಪೋರ್ಟಿನ ವಿಷಯ ಎಂದಷ್ಟೇ ಗುಮಾಸ್ತರಿಗೆ ಹೇಳಿದೆ. ನಂಬರು ಬಾಯಿಬಿಟ್ಟಿರಲಿಲ್ಲ. “ಐವತ್ಮೂರರದ್ದಾ? ಅದು ನಿಮಗೆ ಯಾರು ಕೊಟ್ಟರು?” ಎಂದುಬಿಟ್ಟರು ಆ ಪುಣ್ಯಾತ್ಮರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಕೈಬಿಟ್ಟ ಒಂದು ಅಂಕಿ ತಮ್ಮ ಕಚೇರಿಯಲ್ಲಿ ಬಾಯಿಪಾಠವಾಗಿರುವುದು ಏಕೆ? ದೋಷ ಯಂತ್ರದ್ದಾಗಿದ್ದರೆ ಇನ್ನೊಮ್ಮೆ ರಕ್ತ ತೆಗೆಯಲು ಅವಳನ್ನು ಕರೆಸಲಿಲ್ಲವೇಕೆ? ತಾವು ಉತ್ತರಿಸುವವರೆಗೆ ನನ್ನ ಅನುಮಾನ ನನ್ನ ಬಳಿಯೇ ಇರಲಿ.

ಮೊಮ್ಮಗಳಿಗೆ ಬಿ-12 ಸೂಜಿ, ಜೊತೆಗೆ ಸೆಳೆತದ ಔಷಧಿ ಶುರುವಾಯಿತು. ಒಂಬತ್ತನೇ ದಿನಕ್ಕೆ ಹೂಂಗುಟ್ಟುವುದು ನಿಂತಿತು. ಹದಿನಾರನೇ ದಿನ ನನ್ನ ಮೀಸೆ ಹಿಡಿದು ನಕ್ಕಳು. ನಾನು ಅತ್ತುಬಿಟ್ಟೆ, ನಾಚಿಕೆಯೇನಿಲ್ಲ. ಆದರೆ ಅವಳ ಓರಗೆಯ ಮಕ್ಕಳು ಕೂರುತ್ತಿವೆ, ಇವಳು ಇನ್ನೂ ಕೂರುವುದಿಲ್ಲ. ಕೂರುತ್ತಾಳಾ ಎಂದರೆ, ಕಾದು ನೋಡೋಣ ಎನ್ನುತ್ತಾರೆ ಡಾಕ್ಟರಮ್ಮ. ಕಾಯುತ್ತಿದ್ದೇವೆ.

ಕಾಯಲಾಗದ ಒಂದು ವಿಷಯವಿದೆ. ನನ್ನ ಅಂಗಡಿಯ ಎದುರಿಗೆ ಬಟ್ಟೆಗೆ ಇಸ್ತ್ರಿ ಹಾಕುವ ಹೆಂಗಸು ಈಗ ಆರು ತಿಂಗಳ ಬಸುರಿ. ತಮ್ಮ ಎಂಬತ್ತಾರರಲ್ಲಿ ಒಬ್ಬಳು. ತಿಂಗಳಿಗೊಂದರಂತೆ ಅವಳಿಗೆ ಸೂಜಿ ಬೀಳಬೇಕಿತ್ತು, ಬಿದ್ದದ್ದು ಆ ದಿನದ ಒಂದೇ. ಕೊರತೆಯಿಲ್ಲ ಎಂಬ ತಮ್ಮ ಕಾಗದವನ್ನು ಪ್ಲಾಸ್ಟಿಕ್ ಹೊದಿಸಿ ಗೋಡೆಗೆ ನೇತುಹಾಕಿದ್ದಾಳೆ. ಕೇಂದ್ರದವರು ಕೊಟ್ಟ ವಿಟಮಿನ್ ಮಾತ್ರೆಗಳನ್ನೂ ನಿಲ್ಲಿಸಿದ್ದಾಳೆ. ನಾನು ಮೂರು ಸಲ ಹೋಗಿ ಬಿಡಿಸಿ ಹೇಳಿದೆ. ಇಸ್ತ್ರಿಪೆಟ್ಟಿಗೆ ಬದಿಗಿಟ್ಟು, ನಗುತ್ತಲೇ ಹೇಳಿದಳು: “ನಿಮ್ಮ ಮನೆ ಮಗೂಗೆ ಹಾಗಾಯ್ತು ಅಂತ ನಿಮಗೆ ಭಯ, ಅಣ್ಣ. ನಂದು ನೋಡಿ, ಸರ್ಕಾರದ ಮೊಹರೇ ಇದೆ.”

ಆದ್ದರಿಂದ ಕೇಳುತ್ತಿದ್ದೇನೆ. ಸುತ್ತೋಲೆಯನ್ನು ಹಿಂತೆಗೆದುಕೊಳ್ಳಿ. ರಕ್ತ ತೆಗೆಯುವವರನ್ನು ಒಂಬತ್ತು ಗಂಟೆಗೆ ಕರೆಸಿ, ಸೂಜಿ ಆಮೇಲೆ ಹಾಕಿಸಿ. ಐವತ್ಮೂರನ್ನು ಪಟ್ಟಿಗೆ ಮರಳಿ ಸೇರಿಸಿ. ಇವೆಲ್ಲಕ್ಕೂ ಸಭೆ ಬೇಕು, ಕಡತ ಬೇಕು, ನನಗೆ ಗೊತ್ತು. ಅದಕ್ಕಿಂತ ಮೊದಲು, ಇದೇ ವಾರ, ಆ ಎಂಬತ್ತಾರು ಮನೆಗಳಿಗೆ ‘ನಮ್ಮ ರಿಪೋರ್ಟು ತಪ್ಪು, ಸೂಜಿ ನಿಲ್ಲಿಸಬೇಡಿ’ ಎಂದು ಒಂದು ಸಾಲು ಬರೆದು ಕಳಿಸಿ. ಮೊಹರು ಮರೆಯಬೇಡಿ. ನಾನು ಹೇಳಿದರೆ ಅವಳು ನಂಬುವುದಿಲ್ಲ.

ಇಂತಿ,
ಮಗುವಿಗೆ ಸೆಳೆತ ಬಂದಾಗ ಬೀದಿಯವರನ್ನು ಕರೆದು ತೋರಿಸಿ ನಕ್ಕಿದ್ದ
ಒಬ್ಬ ತಾತ